ಪ್ರಾರ್ಥನೆಗೆ ಮುಂಚೆ ಒಂದು ಚಮಚ

ಜನವರಿ 9

ಗುಬ್ಬಿಗೆ ಭಾವನ ಆಶೀರ್ವಾದಗಳು.

ಕರ್ತನ ಕೃಪೆಯಿಂದ ನಾನು ಕ್ಷೇಮ. ಕ್ಷೇಮ ಅಂತ ಬರೆಯುವುದು ರೂಢಿ. ನಿಜ ಹೇಳಬೇಕೆಂದರೆ ಅರ್ಧ ಕ್ಷೇಮ. ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಆಸ್ಪತ್ರೆಯ ಅಡಿಗೆಮನೆ ನಡೆಸುವವಳಿಗೆ ಇನ್ನೂರು ಹೊಟ್ಟೆಗಳ ಚಿಂತೆ, ನನ್ನೊಬ್ಬನ ಫೋನು ಯಾವ ಮೂಲೆಗೆ ಅಂತ ಸಮಾಧಾನ ಮಾಡಿಕೊಂಡು ಕಾಗದಕ್ಕೆ ಕೂತೆ. ‘ವಿತ್ ರೆಫರೆನ್ಸ್ ಟು ದಿ ಅಬೌವ್ ಸಬ್ಜೆಕ್ಟ್’ ಅಂತ ಶುರುಮಾಡುವ ಕೈ ಇದು. ಆಫೀಸು ಬಿಟ್ಟು ಎರಡು ವರ್ಷವಾದರೂ ಚಟ ಹೋಗಿಲ್ಲ.

ವಿಷಯ ಇದು. ಮಾರ್ಚ್ ಹದಿನಾಲ್ಕಕ್ಕೆ ನಿನ್ನ ಅಕ್ಕ ತೀರಿಕೊಂಡು ವರ್ಷ. ಮನೆಯಲ್ಲಿ ಸ್ಮರಣೆಯ ಪ್ರಾರ್ಥನೆ ಇಟ್ಟುಕೊಂಡಿದ್ದೇನೆ. ಪಾಸ್ಟರು, ಅವರ ಹೆಂಡತಿ, ಸಭೆಯ ಹಿರಿಯರು ಎಲ್ಲ ಸೇರಿ ಹನ್ನೆರಡು ಜನ. ಹೋಟೆಲಿನಿಂದ ತರಿಸುವುದಿಲ್ಲ. ಅವಳು ಮಾಡುತ್ತಿದ್ದ ಮಾಂಸದ ಸಾರು, ಬ್ರೆಡ್ಡು, ನಾನೇ ಮಾಡುತ್ತೇನೆ. ನಗಬೇಡ. ಅವಳ ಅಡಿಗೆ ನೋಟ್‌ಬುಕ್, ನೀಲಿ ರಟ್ಟಿನದು, ಮಣ್ಣು ಮಾಡಿದ ದಿನ ನೀನು ಚೀಲಕ್ಕೆ ಹಾಕಿಕೊಂಡದ್ದನ್ನು ನೋಡಿದೆ. ಆಗ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಕಳಿಸು.

ಅದಕ್ಕಿಂತ ಮುಖ್ಯ, ನನ್ನ ಮಗಳನ್ನು ಕಳಿಸು. ಮಣ್ಣು ಮಾಡಿದ ಮರುದಿನವೇ ನಿನ್ನ ಜೊತೆ ಬಸ್ಸು ಹತ್ತಿದವಳು, ಹತ್ತು ತಿಂಗಳಲ್ಲಿ ಈ ಮನೆಯ ಒಂದು ತುತ್ತು ಉಂಡಿಲ್ಲ. ಕ್ರಿಸ್‌ಮಸ್‌ಗೆ ಬಂದು, ಬಾಗಿಲಲ್ಲೇ ನಿಂತು ಒಂದು ಲೋಟ ನೀರು ಕುಡಿದು ಹೋದಳು. ಸಾಲ ವಸೂಲಿಗೆ ಬಂದವರು ಕೂಡ ಒಳಗೆ ಬಂದು ಕೂರುತ್ತಾರೆ. ಅವಳು ಅಪ್ಪನ ಮೇಜಿನಲ್ಲಿ ಕೂತು ಉಣ್ಣಬೇಕು. ನನಗೆ ಬೇಕಾದ್ದು ಅದೊಂದೇ. ಉಳಿದದ್ದೆಲ್ಲ ನೆಪ ಅಂದುಕೋ.

ಆ ಮೇಜಿನಲ್ಲಿ ಎಂಥ ದಿನಗಳಿದ್ದವು! ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಲ್ಲ. ಎಲ್ಲರೂ ಪ್ರಾರ್ಥನೆ ಮಾಡಿ ಉಣ್ಣುತ್ತಾರೆ. ನಮ್ಮಲ್ಲಿ ನಾನು ಮೊದಲು ಒಂದು ಚಮಚ ರುಚಿ ನೋಡಬೇಕು, ಸರಿಯಿದ್ದರೆ ಮಾತ್ರ ಪ್ರಾರ್ಥನೆ. ಉಪ್ಪಿಲ್ಲದ ಸಾರಿಗೆ ‘ಕರ್ತನೇ ಸ್ತೋತ್ರ’ ಅಂದರೆ ದೇವರಿಗೇ ಸುಳ್ಳು ಸರ್ಟಿಫಿಕೇಟ್ ಕೊಟ್ಟ ಹಾಗಲ್ಲವೇ? ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತಿದ ಕೈ ನನ್ನದು. ಸರಿಯಿಲ್ಲದಿದ್ದರೆ ಬಟ್ಟಲು ಅಡಿಗೆಮನೆಗೆ ವಾಪಸ್. ಸರಿಮಾಡಿ ತರುವವರೆಗೆ ಉಳಿದವರು ಕೈಮುಗಿದು ಕೂರಬೇಕು. ಒಂದು ಸಲ ಮೂರು ಸುತ್ತು ಹೋಗಿ ಬಂತು, ಮಗಳು ಮುಗಿದ ಕೈ ಮುಗಿದ ಹಾಗೇ ತೂಕಡಿಸಿಬಿಟ್ಟಳು! ನೆನೆದರೆ ಈಗಲೂ ನಗು ಬರುತ್ತದೆ.

ನೋಟ್‌ಬುಕ್ ಮರೆಯಬೇಡ.

ಇಂತಿ, ಯುವರ್ಸ್ ಫೇಯ್ತ್‌ಫುಲಿ,
ನಿನ್ನ ಭಾವ


ಜನವರಿ 19

ಭಾವನವರಿಗೆ ವಂದನೆಗಳು.

ಕಾಗದ ತಲುಪಿತು. ನೋಟ್‌ಬುಕ್ ಇದರ ಜೊತೆಗೇ ಕಳಿಸಿದ್ದೇನೆ. ಅದು ನಿಮ್ಮದಾಯಿತು ಅಂತ ಅಲ್ಲ. ಕೆಲಸ ಮುಗಿದ ಮೇಲೆ ವಾಪಸ್ ಬರಬೇಕು.

ಒಂದು ಷರತ್ತು. ನೀವು ಅಡಿಗೆ ಮಾಡಿದ ದಿನ ನಿಮ್ಮ ಪದ್ಧತಿಯನ್ನು ನೀವೂ ನಡೆಸಿ. ಮೊದಲು ರುಚಿ, ಸರಿಯಿದ್ದರೆ ಪ್ರಾರ್ಥನೆ, ಇಲ್ಲದಿದ್ದರೆ ವಾಪಸ್. ಹೇಗಾಯಿತು ಅಂತ ಬರೆಯಿರಿ.

ಮಗಳು ಚೆನ್ನಾಗಿದ್ದಾಳೆ. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಅವಳ ಕತ್ತರಿ ಒಂದು ಎಳೆಯೂ ತಪ್ಪುವುದಿಲ್ಲ ಅಂತ ಅಂಗಡಿಯ ಅಮ್ಮ ಹೇಳುತ್ತಾರೆ. ಮನೆಯಲ್ಲಿ ಅಡಿಗೆ ಮಾತ್ರ ನನ್ನದೇ. ‘ಉಪ್ಪಿನ ಡಬ್ಬಿ ಎತ್ತಿಕೊಡು’ ಅಂದರೆ ಎದ್ದು ಹೊರಗೆ ಹೋಗುತ್ತಾಳೆ.

ಬರುವ ವಿಷಯ ಅವಳನ್ನು ಕೇಳಿದ್ದೇನೆ. ಇನ್ನೂ ಏನೂ ಹೇಳಿಲ್ಲ.

ನಿಮ್ಮ ನಾದಿನಿ


ಫೆಬ್ರವರಿ 4

ಗುಬ್ಬಿ,

ನೋಟ್‌ಬುಕ್ ಬಂತು. ಮೊದಲು ಮೂಸಿ ನೋಡಿದೆ. ಬರೀ ಈರುಳ್ಳಿ ವಾಸನೆ. ಹೆಂಡತಿಯ ನೆನಪಿಗೆ ಈರುಳ್ಳಿ ಮೂಸಿ ಕಣ್ಣೀರು ಹಾಕಿದವನು ಲೋಕದಲ್ಲಿ ನಾನೊಬ್ಬನೇ ಇರಬೇಕು.

ನಿನ್ನ ಷರತ್ತಿನ ವರದಿ ಒಪ್ಪಿಸುತ್ತೇನೆ. ಮೊದಲ ದಿನ ಸಾರಿಗೆ ಉಪ್ಪು ಹಾಕುವುದೇ ಮರೆತಿದ್ದೆ. ರುಚಿ ನೋಡಿದೆ, ವಾಪಸ್ ಕಳಿಸಿದೆ. ಕಳಿಸುವವನೂ ನಾನೇ, ಹೊತ್ತುಕೊಂಡು ಹೋಗುವವನೂ ನಾನೇ. ಎರಡನೇ ದಿನ ಉಪ್ಪು ಕೈಜಾರಿತು. ಆ ಉಪ್ಪನ್ನು ಸರಿಮಾಡಲು ನೀರು, ನೀರನ್ನು ಸರಿಮಾಡಲು ಆಲೂಗಡ್ಡೆ, ಆಲೂಗಡ್ಡೆಗೆ ಮತ್ತೆ ಉಪ್ಪು. ಸಂಜೆಯ ಹೊತ್ತಿಗೆ ಒಂದು ಪಟಾಲಮ್ಮಿಗೆ ಆಗುವಷ್ಟು ಸಾರು. ಮೂರನೇ ದಿನ ತಳ ಹತ್ತಿತು. ಮೂರು ದಿನವೂ ಪ್ರಾರ್ಥನೆಯಿಲ್ಲದ ಊಟ. ನಾಲ್ಕನೇ ದಿನ ಹಸಿವು ತಡೆಯಲಾರದೆ, ರುಚಿ ನೋಡದೆ ಕಣ್ಣು ಮುಚ್ಚಿ ‘ಸ್ತೋತ್ರ’ ಅಂದುಬಿಟ್ಟೆ. ನನ್ನದೇ ಕೈ ತಾನೇ, ಸ್ವಲ್ಪ ರಿಯಾಯಿತಿ ಇರಲಿ. ಕುಣಿಯಲಾರದವನು ನೆಲ ಡೊಂಕು ಅಂದ ಹಾಗೆ ನಾನು ಒಲೆ ಡೊಂಕು ಅನ್ನುತ್ತಿದ್ದೇನೆ. ‘ಪ್ರೂಫ್ ಆಫ್ ದಿ ಪುಡ್ಡಿಂಗ್ ಈಸ್ ಇನ್’ ಅಂತ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು. ಪುಡ್ಡಿಂಗಿನ ಪರೀಕ್ಷೆ ಯಾವುದರಲ್ಲಿ ಅನ್ನುವುದು ಮರೆತುಹೋಗಿದೆ.

ಪಾಸ್ಟರ ಹೆಂಡತಿ ಬಂದು ‘ನಾವು ಹೆಂಗಸರು ಸೇರಿ ಮಾಡ್ತೀವಿ ಬಿಡಿ ಅಣ್ಣ’ ಅಂದರು. ಬೇಡ ಅಂದೆ. ಸಭೆಯ ಊಟದ ಅಡಿಗೆಯಮ್ಮ ನೆನಪಿದ್ದಾಳಾ? ವಯಸ್ಸಾಗಿ ನಾಲಿಗೆ ಸತ್ತುಹೋಗಿತ್ತು, ಆದರೂ ಸೌಟು ಬಿಡುತ್ತಿರಲಿಲ್ಲ. ಎಲ್ಲರೂ ಮುಖ ಕಿವುಚಿ ನುಂಗುತ್ತಿದ್ದರು, ಹೇಳುವ ಧೈರ್ಯ ಒಬ್ಬರಿಗೂ ಇಲ್ಲ. ನಾನೇ ಸಭೆಯ ಎದುರು ಎದ್ದು ಹೇಳಿದೆ: ‘ನಾಲಿಗೆ ಕೆಟ್ಟ ಅಡಿಗೆಯವಳು ಮುಳ್ಳು ಮುರಿದ ತಕ್ಕಡಿ ಇದ್ದ ಹಾಗೆ. ಗುಜರಿಗೆ ಹಾಕಬೇಕು.’ ಎಷ್ಟು ನಕ್ಕರು ಅಂತೀಯಾ! ಮುಂದಿನ ವಾರವೇ ಅವಳನ್ನು ಬಿಡಿಸಿದರು. ನಿನ್ನ ಅಕ್ಕ ಮಾತ್ರ ಅವತ್ತು ನಗಲಿಲ್ಲ. ಅವಳಿಗೆ ತಮಾಷೆ ಅರ್ಥವಾಗುವುದು ತಡ.

ಆದರೆ ಭಕ್ತಿಯಲ್ಲಿ ಅವಳನ್ನು ಮೀರಿಸುವವರಿಲ್ಲ. ಇದು ನಿನಗೆ ಗೊತ್ತೋ ಇಲ್ಲವೋ. ಬಡಿಸುವುದಕ್ಕೆ ಹತ್ತು ನಿಮಿಷ ಮುಂಚೆ ತಾಯಿ ಮಗಳು ಅಡಿಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಒಳಗಿಂದ ಪಿಸುಮಾತು. ‘ಏನು ನಡೆಸಿದ್ದೀರಿ?’ ಅಂತ ಒಮ್ಮೆ ಕೇಳಿದ್ದಕ್ಕೆ ‘ಪ್ರಾರ್ಥನೆ’ ಅಂದಳು. ಮಾಡಿದ ಅಡಿಗೆಯನ್ನು ಮೊದಲು ದೇವರಿಗೆ ಒಪ್ಪಿಸುವುದು! ಅವಳ ಮಣ್ಣಿನ ದಿನ ಪಾಸ್ಟರು ಇದನ್ನೇ ಹಿಡಿದು ಪ್ರಸಂಗ ಮಾಡಿದರಲ್ಲ, ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಈಗ ನಾನೂ ಬಾಗಿಲು ಮುಚ್ಚಿಕೊಂಡು ಹತ್ತು ನಿಮಿಷ ನಿಲ್ಲುತ್ತೇನೆ. ಸೆಖೆ.

ಮಗಳು ಉಪ್ಪಿನ ಡಬ್ಬಿ ಎತ್ತಿಕೊಡುವುದಿಲ್ಲ ಅಂತ ಬರೆದಿದ್ದೀಯ. ಅದು ಶುದ್ಧ ಸೋಮಾರಿತನ. ನೀನು ತಲೆಯ ಮೇಲೆ ಕೂರಿಸಿಕೊಂಡಿದ್ದೀಯ. ಸ್ವಲ್ಪ ಹೆದರಿಕೆ ಇರಬೇಕು. ನನ್ನ ಕೆಲಸದ ಒಂದು ಗುಟ್ಟು ಹೇಳಲೇ? ಒಂದು ಬೀದಿಗೆ ಪರೀಕ್ಷೆಗೆ ಹೋದರೆ, ಎಲ್ಲ ತಕ್ಕಡಿ ಸರಿಯಿದ್ದರೂ ಒಂದನ್ನು ‘ಸರಿಯಿಲ್ಲ’ ಅಂತ ಪಕ್ಕಕ್ಕಿಡುತ್ತಿದ್ದೆ. ಸಂಜೆ ವಾಪಸ್ ಕೊಡುತ್ತಿದ್ದೆ, ದಂಡವಿಲ್ಲ ಏನಿಲ್ಲ. ಇಡೀ ಬೀದಿ ವರ್ಷವೆಲ್ಲ ನೆಟ್ಟಗಿರುತ್ತಿತ್ತು.

ನಿನ್ನ ಭಾವ


ಫೆಬ್ರವರಿ 12

ಭಾವನವರಿಗೆ,

ನಿಮ್ಮ ವರದಿ ಓದಿದೆ. ನಾಲ್ಕನೇ ದಿನದ ರಿಯಾಯಿತಿಯನ್ನೂ ಓದಿದೆ.

ನೋಟ್‌ಬುಕ್ಕಿನಲ್ಲಿ ಉಪ್ಪು ಎಷ್ಟು ಅಂತ ಬರೆದಿದೆ? ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದೊಂದನ್ನೇ ನೋಡಿ, ನಿಮಗೆ ಏನು ಕಂಡಿತು ಬರೆಯಿರಿ. ಪರೀಕ್ಷೆ ಮಾಡುವ ಕಣ್ಣು ನಿಮ್ಮದು.

ಮಗಳು ಬರುತ್ತಾಳೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: ‘ಅಡಿಗೆ ಅಪ್ಪನೇ ಮಾಡ್ಬೇಕು. ಮೊದಲನೇ ಚಮಚ ನಾನು ರುಚಿ ನೋಡ್ಬೇಕು. ಆಮೇಲೆ ಪ್ರಾರ್ಥನೆ.’

ನಿಮ್ಮ ನಾದಿನಿ


ಫೆಬ್ರವರಿ 20

ಗುಬ್ಬಿ, ಗುಬ್ಬಿ!

ನಿನ್ನ ಕಾಗದವನ್ನು ಎದುರುಮನೆಯವರಿಗೂ ಓದಿ ಹೇಳಿದೆ. ಮೊದಲನೇ ಚಮಚ ಅವಳದಂತೆ! ನೋಡಿದೆಯಾ, ರಕ್ತ ಎಲ್ಲಿಗೆ ಹೋಗುತ್ತದೆ? ಇಷ್ಟು ದಿನ ಮುನಿಸಿಕೊಂಡಿದ್ದರೂ ಅಪ್ಪನ ಪದ್ಧತಿ ಮೈಯಲ್ಲಿ ಇಳಿದಿದೆ. ನನ್ನ ಕುರ್ಚಿಯನ್ನೇ ಅವಳಿಗೆ ಬಿಡುತ್ತೇನೆ. ಕಾಲು ಅಲುಗುತ್ತಿತ್ತು, ಬಡಗಿಯನ್ನು ಕರೆಸಿ ಸರಿಮಾಡಿಸಿದೆ. ‘ಯಾರ್ ಸಾರ್ ಬರೋದು, ಮಂತ್ರಿಗಳಾ?’ ಅಂದ. ಅದಕ್ಕಿಂತ ದೊಡ್ಡವರು ಅಂದೆ.

ನೀನು ಹೇಳಿದ ಹಾಗೆ ಉಪ್ಪು ನೋಡಿದೆ. ಚೆನ್ನಾದ ಪ್ರಶ್ನೆ. ಮೊದಲ ಅರ್ಧ ಪುಸ್ತಕದಲ್ಲಿ ಎಲ್ಲಾ ಕಡೆ ‘ಉಪ್ಪು ಬೇಕಷ್ಟು.’ ಬೇಕಷ್ಟು ಅಂದರೆ ಎಷ್ಟು? ಹೆಂಗಸರ ಲೆಕ್ಕ. ಆಮೇಲೆ ಒಂದು ಪುಟದಿಂದ ಇದ್ದಕ್ಕಿದ್ದಂತೆ ‘ಒಂದೂವರೆ ಚಮಚ, ಅಂಚಿಗೆ ಸಮ’, ‘ಮುಕ್ಕಾಲು ಚಮಚ, ಅಂಚಿಗೆ ಸಮ.’ ಹಳೆಯ ಅಡಿಗೆಗಳನ್ನೂ ಮತ್ತೆ ಅಳೆದು ಬರೆದಿದ್ದಾಳೆ. ಮಗಳಿಗೆ ಒಂಬತ್ತು ತುಂಬಿದ ವರ್ಷ ಅದು, ಹುಟ್ಟುಹಬ್ಬದ ಕೇಕು ಅದೇ ಪುಟದಲ್ಲಿದೆ. ನನಗೆ ಅರ್ಥವಾಯಿತು ಗುಬ್ಬಿ. ನನ್ನ ಪಾಠ ಅವಳ ತಲೆಗೆ ಇಳಿದದ್ದು ಆ ವರ್ಷ. ತೂಕ, ಅಳತೆ, ಶಿಸ್ತು. ಬಾಯಲ್ಲಿ ಒಂದು ದಿನವೂ ಹೇಳಲಿಲ್ಲ, ಬರೆದಿಟ್ಟುಹೋಗಿದ್ದಾಳೆ. ಓದುತ್ತಾ ಕೂತವನಿಗೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಸಾರು ಈಗ ಹದಕ್ಕೆ ಬಂದಿದೆ. ನಿನ್ನೆಯ ಸಾರಿಗೆ ನಿಜವಾಗಿ ಪ್ರಾರ್ಥನೆ ಮಾಡಿದೆ. ಸುಳ್ಳಲ್ಲ.

ನಿನ್ನ ಭಾವ


ಮಾರ್ಚ್ 14, ಮಗಳ ಕೈಯಲ್ಲಿ

ಭಾವ,

ಇದನ್ನು ಊಟದ ಮೇಜಿನಿಂದ ಎದ್ದ ಮೇಲೆ ಕೊಡು ಅಂತ ಅವಳಿಗೆ ಹೇಳಿದ್ದೇನೆ.

ಅಕ್ಕನಿಗೆ ರುಚಿ ತಿಳಿಯುತ್ತಿರಲಿಲ್ಲ. ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಅಕ್ಕನಿಗೆ ಹದಿನೆಂಟು ದಿನ ಜ್ವರ ಬಂತಲ್ಲ, ಜ್ವರ ಇಳಿಯಿತು, ರುಚಿ ವಾಸನೆ ಎರಡೂ ವಾಪಸ್ ಬರಲಿಲ್ಲ. ಹಲ್ಲುನೋವು ಅಂತ ನಿಮಗೆ ಹೇಳಿ ನಮ್ಮ ಆಸ್ಪತ್ರೆಗೆ ಬಂದಳು. ಇನ್ನು ಬರುವುದಿಲ್ಲ ಅಂತ ಡಾಕ್ಟರು ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ‘ಭಾವಂಗೆ ಹೇಳಕ್ಕಾ’ ಅಂದೆ. ‘ಬೇಡ ಕಣೇ. ಅಡಿಗೆಯಮ್ಮನಿಗೆ ಅವರು ಅಂದದ್ದು ನೀನು ಕೇಳಿಲ್ಲ. ನಾನು ಅಲ್ಲೇ ಕೂತಿದ್ದೆ’ ಅಂದಳು.

ಹನ್ನೊಂದು ವರ್ಷ ಅವಳು ನಿಮಗೆ ಬೇಯಿಸಿ ಹಾಕಿದ್ದು ತಾನು ಸವಿಯದ ಊಟ. ಅದಕ್ಕೇ ಅಂಚಿಗೆ ಸಮ. ನಿಮ್ಮ ಪಾಠದಿಂದ ಅಲ್ಲ.

ಬಾಗಿಲು ಮುಚ್ಚಿ ಅವರು ಪ್ರಾರ್ಥನೆ ಮಾಡುತ್ತಿರಲಿಲ್ಲ. ಮಗುವನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಚಮಚ ಬಾಯಿಗಿಟ್ಟು, ‘ಉಪ್ಪು ಸಾಕಾ ಚಿನ್ನಾ? ಖಾರ ಹೆಚ್ಚಾಯ್ತಾ?’ ಅಂತ ಕೇಳುತ್ತಿದ್ದಳು. ಮಗು ತಲೆಯಾಡಿಸಿದರೆ ಬಾಗಿಲು ತೆರೆಯುತ್ತಿತ್ತು. ಆಮೇಲೆ ಮೇಜಿನಲ್ಲಿ ನೀವು ಬಟ್ಟಲು ತಳ್ಳಿದಾಗ ಅದು ಯಾರಿಗೆ ತಾಗುತ್ತಿತ್ತು, ನೀವೇ ತೂಗಿ ನೋಡಿ.

ಬಟ್ಟಲು ವಾಪಸ್ ಹೋದರೆ ಮಗಳು ಕೈಮುಗಿದು ನಿಮ್ಮೆದುರು ಕೂತಿರಬೇಕು. ಒಳಗೆ ಅಕ್ಕ ಒಬ್ಬಳೇ, ಕೇಳಲು ಯಾರೂ ಇಲ್ಲ. ಉಪ್ಪು ಹೆಚ್ಚೋ ಕಡಿಮೆಯೋ ನೀವು ಹೇಳುತ್ತಿರಲಿಲ್ಲ, ‘ಸರಿಯಿಲ್ಲ’, ಅಷ್ಟೇ. ಏನು ಮಾಡುವುದು ತಿಳಿಯದೆ ಸುಮ್ಮನೆ ಸೌಟು ಆಡಿಸಿ, ಇಪ್ಪತ್ತು ಎಣಿಸಿ, ಅದೇ ಸಾರನ್ನು ಅದೇ ಬಟ್ಟಲಲ್ಲಿ ತಂದಿಡುತ್ತಿದ್ದಳಂತೆ. ‘ಈಗ ಸರಿಹೋಯಿತು’ ಅಂತ ನೀವು ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗುತ್ತಿದ್ದಿರಂತೆ. ಬಿಸಿ ಆರಿದ್ದಕ್ಕೆ ಸರಿಹೋಗಿರಬೇಕು ಅಂತ ಅವಳು ನನಗೆ ಬರೆದಿದ್ದಳು. ಸಾಯುವವರೆಗೂ ಹಾಗೇ ನಂಬಿದ್ದಳು.

ಮಗಳು ನಂಬಿರುವುದು ಬೇರೆ. ತನ್ನ ನಾಲಿಗೆಯೇ ಕೆಟ್ಟದ್ದು, ತನ್ನಿಂದಲೇ ಅಮ್ಮ ಬೈಸಿಕೊಂಡಳು ಅಂತ. ಉಪ್ಪಿನ ಡಬ್ಬಿ ಮುಟ್ಟದಿರುವುದು ಸೋಮಾರಿತನವಲ್ಲ ಭಾವ.

ಒಂದೇ ಪ್ರಶ್ನೆ. ಆ ಸಾರು ಸರಿಯಿತ್ತೋ, ಇರಲಿಲ್ಲವೋ? ಸರ್ಟಿಫಿಕೇಟ್ ಬರೆದು ಕಳಿಸಿ. ಸುಳ್ಳು ಬರೆಯುವವರಲ್ಲವಲ್ಲ ನೀವು.

ಅಕ್ಕನ ತಂಗಿ


ಮಾರ್ಚ್ 17

ಗುಬ್ಬಿ,

ಅವಳು ನಿನಗೆ ಎಲ್ಲ ಹೇಳಿರುತ್ತಾಳೆ. ಆದರೂ ನಾನು ಬರೆಯಬೇಕು.

ನನ್ನ ಕುರ್ಚಿಯಲ್ಲಿ ಕೂತಳು. ಅಮ್ಮನ ಹಾಗೇ ಬೈತಲೆ ತೆಗೆದಿದ್ದಳು. ಹನ್ನೆರಡು ಜನ ಕೈಮುಗಿದುಕೊಂಡರು. ನಾನು ಬಾಗಿಲು ಮುಚ್ಚಿ ಹತ್ತು ನಿಮಿಷ ಪ್ರಾರ್ಥನೆ ಮಾಡಿಯೇ ಬಟ್ಟಲು ತಂದಿದ್ದೆ, ಅದನ್ನು ಎಲ್ಲರಿಗೂ ಹೇಳಿಯೂ ಹೇಳಿದೆ. ಒಂದು ಚಮಚ ತೆಗೆದುಕೊಂಡಳು. ಕೆಳಗಿಟ್ಟಳು.

‘ಸರಿಯಿಲ್ಲ.’

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ‘ಅಪ್ಪನಿಗೆ ತಕ್ಕ ಮಗಳು!’ ಅಂತ ಹಿರಿಯರೊಬ್ಬರು ಅಂದರು. ನಗುನಗುತ್ತಲೇ ಒಳಗೆ ಹೋಗಿ ರುಚಿ ನೋಡಿದೆ. ಕಡಿಮೆ ಇರಬಹುದು ಅನ್ನಿಸಿ ಚಿಟಿಕೆ ಉಪ್ಪು ಹಾಕಿ ತಂದೆ.

‘ಸರಿಯಿಲ್ಲ.’

‘ಏನ್ ಕಮ್ಮಿಯಾಗಿದೆ ಹೇಳು ಮಗಳೇ’ ಅಂದೆ. ಬಟ್ಟಲನ್ನು ನನ್ನ ಕಡೆ ತಳ್ಳಿದಳು. ಈ ಸಲ ಯಾರೂ ನಗಲಿಲ್ಲ. ಒಳಗೆ ಹೋಗಿ ನಿಂತೆ. ಉಪ್ಪು ಹೆಚ್ಚಾಯಿತೇ ಅಂತ ನೀರು ಹಾಕಿದೆ. ನೀರಾಯಿತೇ ಅಂತ ಕುದಿಸಿದೆ. ನನ್ನ ನಾಲಿಗೆಗೆ ಏನೂ ತಿಳಿಯದಾಯಿತು. ಹೊರಗೆ ಕುರ್ಚಿ ಕಿರುಗುಟ್ಟುವುದು ಕೇಳಿಸುತ್ತಿತ್ತು, ಒಬ್ಬರು ಕೆಮ್ಮಿದರು. ತಂದಿಟ್ಟೆ. ಪಾಸ್ಟರು ಮೆಲ್ಲಗೆ ‘ಸಾಕಮ್ಮ, ಪ್ರಾರ್ಥನೆ ಮಾಡೋಣ, ಆರ್ತಾ ಇದೆ’ ಅಂದರು. ಅವಳು ಚಮಚ ಬಾಯಿಗಿಟ್ಟು ನೋಡಿ, ‘ಸರಿಯಿಲ್ಲದ್ದಕ್ಕೆ ಸ್ತೋತ್ರ ಹೇಳಿದ್ರೆ ಸುಳ್ಳಾಗುತ್ತೆ ಪಾಸ್ಟರೇ. ಈ ಮನೇಲಿ ಹಾಗೆ ಮಾಡೋದಿಲ್ಲ. ಅಪ್ಪನ್ನೇ ಕೇಳಿ’ ಅಂದಳು. ಎಲ್ಲರೂ ನನ್ನ ಮುಖ ನೋಡಿದರು. ಹೌದು ಅಂತ ತಲೆಯಾಡಿಸಿದೆ.

ಮೂರನೇ ಸಲ ನಾನು ಏನೂ ಮಾಡಲಿಲ್ಲ ಗುಬ್ಬಿ. ಸೌಟು ಆಡಿಸಿದೆ. ಸ್ವಲ್ಪ ಹೊತ್ತು ಗೋಡೆ ನೋಡಿಕೊಂಡು ನಿಂತೆ. ಅದನ್ನೇ ತಂದಿಟ್ಟೆ.

‘ಈಗ ಸರಿಹೋಯಿತು’ ಅಂದಳು. ನನ್ನ ದನಿಯಲ್ಲೇ, ನನ್ನ ಹಾಗೇ ಮೂಗಿನಿಂದ ಉಸಿರು ಬಿಟ್ಟು. ‘ಪ್ರಾರ್ಥನೆ ಮಾಡಿ ಅಪ್ಪ.’

ನಾನು ಪಾಸ್ಟರ ಕಡೆ ನೋಡಿದೆ. ಪಾಸ್ಟರೇ ಮಾಡಿದರು. ಕಣ್ಣು ಬಿಟ್ಟಾಗ ಅವಳು ಎದ್ದುನಿಂತಿದ್ದಳು, ಬಟ್ಟಲಿನಲ್ಲಿ ಸಾರು ಹಾಗೇ ಇತ್ತು. ನಿನ್ನ ಕಾಗದವನ್ನು ನನ್ನ ಮುಂದಿಟ್ಟು, ಪಾಸ್ಟರ ಹೆಂಡತಿಗೆ ನಮಸ್ಕಾರ ಮಾಡಿ ಹೊರಟಳು. ಉಳಿದವರು ತಲೆ ಬಗ್ಗಿಸಿ ಉಂಡರು. ಚೆನ್ನಾಗಿತ್ತು ಅಂತ ಎಲ್ಲರೂ ಹೇಳಿದರು, ಕೈತೊಳೆಯುವ ಮುಂಚೆಯೇ.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಮೂರು ದಿನ ಕೂತಿದ್ದೇನೆ. ಮೊದಲು ಬರೆದದ್ದನ್ನು ಹರಿದೆ. ಅದರಲ್ಲಿ ‘ಕೆಲವು ಸಲ’ ಅಂತ ಇತ್ತು.

ಸರಿಯಿತ್ತು. ಹೆಚ್ಚುಕಡಿಮೆ ಯಾವಾಗಲೂ ಸರಿಯಿತ್ತು. ಬೀದಿಯ ತಕ್ಕಡಿಯ ವಿಷಯ ನಿನಗೆ ನಾನೇ ಬರೆದೆನಲ್ಲ, ತಮಾಷೆ ಅಂತ. ಮನೆಯಲ್ಲೂ ಅದೇ. ವಾರಕ್ಕೊಂದು, ಎರಡು. ಅವಳು ಬಟ್ಟಲು ಎತ್ತಿಕೊಂಡು ಒಳಗೆ ಹೋಗುವಾಗ ಮನೆ ನೆಟ್ಟಗಿದೆ ಅನ್ನಿಸುತ್ತಿತ್ತು. ಒಂದು ಬಗೆಯ ನೆಮ್ಮದಿ. ವಾಪಸ್ ಬಂದದ್ದು ಅದೇ ಸಾರು ಅಂತ ನನಗೆ ಗೊತ್ತಾಗುತ್ತಿತ್ತು. ಗೊತ್ತಿದ್ದೇ ಕಣ್ಣು ಮುಚ್ಚುತ್ತಿದ್ದೆ.

ಅವಳ ನಾಲಿಗೆ ಹೋಗಿದ್ದು ಗೊತ್ತಿರಲಿಲ್ಲ. ಸ್ಟೂಲಿನ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ ಅಂತ ಬರೆಯಲು ಹೊರಟೆ, ಪೆನ್ನು ನಿಂತಿತು.

ಮಗಳಿಗೆ ಇದನ್ನು ತೋರಿಸು. ಮತ್ತೆ ಬರುತ್ತಾಳಾ ಕೇಳು. ಅಡಿಗೆ ನಾನೇ ಮಾಡುತ್ತೇನೆ. ಪ್ರಾರ್ಥನೆ ಮೊದಲು.

ಭಾವ


ಮಾರ್ಚ್ 26

ಭಾವ,

ನಿಮ್ಮ ಕಾಗದವನ್ನು ಅವಳೇ ಓದಿದಳು. ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಅಳಲಿಲ್ಲ. ಎದ್ದು ಹೋಗಿ, ಒಲೆಯ ಮೇಲೆ ಕುದಿಯುತ್ತಿದ್ದ ಸಾರಿಗೆ ಉಪ್ಪು ಹಾಕಿದಳು. ಚಮಚದಿಂದಲ್ಲ, ಕೈಯಿಂದ. ನನ್ನನ್ನು ಏನೂ ಕೇಳಲಿಲ್ಲ. ಪ್ರಾರ್ಥನೆ ಮಾಡಿ ಉಂಡೆವು. ಸರಿಯಾಗಿತ್ತು.

ಮತ್ತೆ ಬರುತ್ತಾಳಾ ಅಂತ ಕೇಳಿದ್ದೀರಿ. ಊಟ ಮುಗಿದ ಮೇಲೆ ಅವಳನ್ನು ಕೇಳಿದೆ.

‘ಅವತ್ತು ಅಪ್ಪನ ಸಾರು ಮೊದಲನೇ ಸಲವೇ ಸರಿಯಾಗಿತ್ತು ಅಂತ ಬರಿ ಚಿಕ್ಕಮ್ಮ’ ಅಂದಳು.

‘ಹೋಗ್ತೀಯಾ ಅಂತ ಕೇಳಿದ್ದು.’

‘ಸರಿಯಾಗಿತ್ತು ಅಂತ ಬರಿ. ಅವರಿಗೆ ಗೊತ್ತಿರಲಿ.’

ನೋಟ್‌ಬುಕ್ ಅವಳಿಗೆ ಬೇಕಂತೆ. ರಿಜಿಸ್ಟರ್ ಮಾಡಿ ಕಳಿಸಿ.